ಹೊಳೆಯ ಕೆಳಗಣ ನೆರೆಯವನು

ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಹೊಸನಗರ, ಸಾಗರ ಸೀಮೆಗಳನ್ನು ಹಾದು, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಸಮುದ್ರವನ್ನು ಸೇರುವದು. ನಮ್ಮ ಹಳ್ಳದ ನೀರೇ ಅಲ್ಲಿಯ ಬೆಸ್ತನ ಬಲೆಯನ್ನು ತೋಯಿಸುವದು. ಅವನ ಮುಖವನ್ನು ನಾವು ಕಂಡವರಲ್ಲ. ಕಾಣದವನಿಗೆ ಅರಿಯದೆ ಮಾಡಿದ ಕೇಡಿಗೆ ನಾವು ಉತ್ತರವಾದಿಗಳೋ?

ಈ ಪ್ರಶ್ನೆಯು ಸುಮ್ಮನೆ ಹುಟ್ಟಿದ್ದಲ್ಲ. ಸೃಷ್ಟಿಕರ್ತನು ಮನುಷ್ಯರ ಶರೀರದಲ್ಲಿಯೂ ಮೀನುಗಳ ಶರೀರದಲ್ಲಿಯೂ ಹಾರ್ಮೋನುಗಳೆಂಬ ರಸಗಳನ್ನು ಇಟ್ಟಿದ್ದಾನೆ. ಗಂಡು ಹೆಣ್ಣೆಂಬ ಬೆಳವಣಿಗೆಯನ್ನೂ ಸಂತಾನವನ್ನೂ ಅವು ನಡಿಸುತ್ತವೆ. ಕೆಲವು ಔಷಧಗಳೂ ಕ್ರಿಮಿನಾಶಕಗಳೂ ನೀರನ್ನು ಸೇರಿದರೆ, ಆ ರಸಗಳ ವೇಷವನ್ನು ಹಾಕಿ ಜೀವಿಗಳನ್ನು ಮೋಸಗೊಳಿಸುತ್ತವೆ. ಇಂಗ್ಲೆಂಡಿನಲ್ಲಿ ಪಟ್ಟಣಗಳ ಚರಂಡಿ ನೀರು ಬೀಳುವ ನದಿಗಳ ಗಂಡುಮೀನುಗಳೊಳಗೆ ತತ್ತಿಗಳು ಕಂಡುಬಂದವು. ಕೆನಡಾ ದೇಶದಲ್ಲಿ ಒಂದು ಸರೋವರಕ್ಕೆ 2001ರಿಂದ 2003ರ ವರೆಗೆ ಗರ್ಭನಿರೋಧಕ ಗುಳಿಗೆಯಲ್ಲಿರುವ ಹಾರ್ಮೋನನ್ನು ಪರೀಕ್ಷೆಗಾಗಿ ಬೆರಸಿದರು. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ, ಲೀಟರು ನೀರಿಗೆ ಐದಾರು ಪಾಲು ಮಾತ್ರ. ಆದರೂ ಅಲ್ಲಿಯ ಒಂದು ಜಾತಿಯ ಸಣ್ಣ ಮೀನು ಬಹುಮಟ್ಟಿಗೆ ಅಳಿದುಹೋಯಿತು.

ಹಾಗಾದರೆ ಔಷಧವನ್ನು ಸೇವಿಸುವದು ಪಾಪವೋ? ಅಲ್ಲ. ರೋಗಿಯು ತನ್ನ ಗುಳಿಗೆಯನ್ನು ಸಮಾಧಾನದಿಂದ ತೆಗೆದುಕೊಳ್ಳಲಿ. ಶರೀರದಿಂದ ಹೊರಡುವದಕ್ಕೆ ಯಾರೂ ನಾಚಬೇಕಾಗಿಲ್ಲ. ಅರಿಯದೆ ಮಾಡಿದ್ದನ್ನು ದೇವರು ಬಲ್ಲನು. ಆದರೆ ಯಾಜಕಕಾಂಡದ ನಾಲ್ಕನೆಯ ಅಧ್ಯಾಯವನ್ನು ಓದಿರಿ: ಅರಿಯದೆ ಮಾಡಿದ ತಪ್ಪು ತಿಳಿದುಬಂದ ದಿವಸವೇ ಅದಕ್ಕೆ ಪ್ರಾಯಶ್ಚಿತ್ತವು ಬೇಕಾಗುವದು. ತಿಳುವಳಿಕೆಯು ಬಂದ ಮೇಲೆ ಅಜ್ಞಾನದ ನೆವವು ನಿಲ್ಲದು. ಯೆಹೆಜ್ಕೇಲನ ಮೂವತ್ತನಾಲ್ಕನೆಯ ಅಧ್ಯಾಯದಲ್ಲಿ, ತಾವು ತಿಳಿನೀರನ್ನು ಕುಡಿದು ಉಳಿದದ್ದನ್ನು ಕಾಲಿನಿಂದ ಕಲಕಿದ ಕುರಿಗಳನ್ನು ಕರ್ತನು ಗದರಿಸುತ್ತಾನೆ. ಅವು ತಮ್ಮ ಹಿಂದೆ ಕುಡಿಯುವವರನ್ನು ನೆನಸಲಿಲ್ಲ. ಯೆರಿಕೋವಿನ ದಾರಿಯಲ್ಲಿ ಬಿದ್ದವನನ್ನು ಯಾಜಕನು ಕಂಡು ದಾಟಿಹೋದನು; ನಮ್ಮ ನೆರೆಯವನಾದರೋ ಕಣ್ಣಿಗೇ ಬೀಳದವನು. ಆದಕಾರಣ ಅವನನ್ನು ಮನಸ್ಸಿನಲ್ಲಿ ಕಾಣುವದೇ ನಮ್ಮ ಪ್ರೀತಿಯ ಪರೀಕ್ಷೆ.

ಹಳೇ ಗುಳಿಗೆಗಳನ್ನು ನಾವೂ ಹಳ್ಳಕ್ಕೆ ಎಸೆದದ್ದುಂಟು. ಇನ್ನು ಎಸೆಯೆವು. ಕಕ್ಕಸಿನ ಗುಂಡಿಯನ್ನು ಹಳ್ಳಕ್ಕೂ ಬಾವಿಗೂ ದೂರವಾಗಿ ತೋಡೋಣ. ಅದರ ಹೂಳನ್ನು ನೀರಿಗೆ ಬಿಡದಿರೋಣ. ತೋಟಕ್ಕೆ ಔಷಧಿ ಹೊಡೆದ ಡಬ್ಬಿಗಳನ್ನು ಹೊಳೆಯಲ್ಲಿ ತೊಳೆಯದಿರೋಣ. ಪೇಟೆಯ ಚರಂಡಿಯ ವಿಷಯದಲ್ಲಿ ಪಂಚಾಯಿತಿಯವರನ್ನು ಕೇಳೋಣ. ತುಂಗೆಯ ದಡದವರಿಗೂ ಇದೇ ಮಾತು. ಅವರು ಬಿಟ್ಟ ನೀರು ಶಿವಮೊಗ್ಗೆಯವರ ಕೊಡಕ್ಕೆ ಹೋಗುವದು.

ಹೊಳೆಗೆ ಇಳಿದಾಗ ಒಂದು ಕ್ಷಣ ಕೆಳಗಡೆ ನೋಡಿರಿ. ಅಲ್ಲಿ ಒಬ್ಬನು ಕೈಯೊಡ್ಡಿ ನಿಂತಿದ್ದಾನೆಂದು ತಿಳಿಯಿರಿ.