ಬೆಲೆ ಗೊತ್ತಾಗುವ ಮೊದಲಿನ ಗುಟುಕು

ಅಮೆರಿಕದ ಕೆಂಟಕಿ ರಾಜ್ಯದ ಲಾರೆನ್ಸ್‌ಬರ್ಗ್‌ನಲ್ಲಿರುವ ಫೋರ್ ರೋಸಸ್ ಡಿಸ್ಟಿಲರಿ ಶರತ್ಕಾಲ ಬಂತೆಂದರೆ ಒಂದು ವಿಶೇಷ ಬರ್ಬನ್ ವಿಸ್ಕಿಯನ್ನು ಹೊರತರುತ್ತದೆ. ‘ಲಿಮಿಟೆಡ್ ಎಡಿಶನ್ ಸ್ಮಾಲ್ ಬ್ಯಾಚ್’ ಎಂದು ಅದಕ್ಕೆ ಹೆಸರು. ವಯಸ್ಸಿನಲ್ಲೂ ಗುಣದಲ್ಲೂ ಒಂದಕ್ಕೊಂದು ಬೇರೆಯಾದ ಪೀಪಾಯಿಗಳನ್ನು ಆರಿಸಿ, ಹದ ನೋಡಿ ಬೆರೆಸಿ, ಎಣಿಸಿದಷ್ಟು ಬಾಟಲಿ ತುಂಬುತ್ತಾರೆ. ಆ ವರ್ಷದ ಮಿಶ್ರಣ ಮುಗಿದರೆ ಮುಗಿಯಿತು. ಮುಂದಿನ ವರ್ಷದ್ದು ಬೇರೆಯೇ. ಅಂಗಡಿಗೆ ಬಂದದ್ದು ನಿಲ್ಲುವುದಿಲ್ಲ. ಆಮೇಲೆ ಅದು ಕೈಯಿಂದ ಕೈಗೆ ದಾಟುತ್ತ ಡಿಸ್ಟಿಲರಿ ಸೂಚಿಸಿದ ಬೆಲೆಯ ಎಷ್ಟೋ ಪಟ್ಟಿಗೆ ಏರುತ್ತದೆ. ಇಂಥ ಬಾಟಲಿ ಮುಂದೆ ಬಂದಾಗ “ಇದು ಇಷ್ಟು ದುಡ್ಡಿಗೆ ತಕ್ಕದ್ದೇ?” ಎಂಬ ಪ್ರಶ್ನೆ ಬಿರಡೆ ತೆಗೆಯುವ ಮೊದಲೇ ಎದ್ದು ನಿಲ್ಲುತ್ತದೆ. ಈ ಪ್ರಶ್ನೆಯಲ್ಲಿ ದುಡ್ಡಿಗಿಂತ ದೊಡ್ಡದೊಂದು ಅಡಗಿದೆ ಎಂದು ನನಗೆ ಅನ್ನಿಸುತ್ತ ಬಂದಿದೆ. ನಮ್ಮ ನಾಲಿಗೆ ತಾನು ಕಂಡದ್ದನ್ನು ಹೇಳುತ್ತಿದೆಯೋ, ಊರು ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಿದೆಯೋ?

ಮೊದಲು, ಆ ಬಾಟಲಿಯಲ್ಲಿ ನಿಜವಾಗಿ ಬೆಲೆಬಾಳುವುದು ಏನಿದೆ ಎಂದು ನೋಡೋಣ. ಬರ್ಬನ್‌ಗೆ ಅಮೆರಿಕದ ಕಾನೂನು ಕಟ್ಟುನಿಟ್ಟಾಗಿದೆ. ಧಾನ್ಯದಲ್ಲಿ ನೂರಕ್ಕೆ ಕನಿಷ್ಠ 51 ಪಾಲು ಮೆಕ್ಕೆಜೋಳ ಇರಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಮಾಗಬೇಕು, ಬಣ್ಣವನ್ನಾಗಲಿ ಪರಿಮಳವನ್ನಾಗಲಿ ಹೊರಗಿನಿಂದ ಸೇರಿಸಕೂಡದು. 1964ರಲ್ಲಿ ಅಲ್ಲಿನ ಕಾಂಗ್ರೆಸ್ ಇದನ್ನು ತಮ್ಮ ದೇಶದ ವಿಶಿಷ್ಟ ಉತ್ಪನ್ನ ಎಂದು ಗುರುತಿಸಿತು. ಪೀಪಾಯಿಗೆ ಸುಮಾರು 200 ಲೀಟರ್ ಹಿಡಿಯುತ್ತದೆ. ಕೆಂಟಕಿಯ ಬೇಸಿಗೆಯಲ್ಲಿ ಮದ್ಯ ಹಿಗ್ಗಿ ಮರದೊಳಗೆ ಇಳಿಯುತ್ತದೆ, ಚಳಿಗೆ ಕುಗ್ಗಿ ಹೊರಬರುತ್ತದೆ. ಹೀಗೆ ಹೋಗಿ ಬರುವಾಗಲೇ ಬಣ್ಣ, ಸಿಹಿ, ವೆನಿಲ್ಲಾ ಘಮ ಎಲ್ಲವನ್ನೂ ಹೊತ್ತು ತರುತ್ತದೆ. ಜೊತೆಗೆ ಪ್ರತಿವರ್ಷ ನೂರಕ್ಕೆ ಮೂರು ನಾಲ್ಕು ಪಾಲು ಗಾಳಿಗೆ ಆರಿಹೋಗುತ್ತದೆ. ಅದನ್ನು ಅಲ್ಲಿಯವರು ದೇವತೆಗಳ ಪಾಲು ಎನ್ನುತ್ತಾರೆ. (ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಯ ಪೀಪಾಯಿಗಳಲ್ಲಿ ಈ ನಷ್ಟ ವರ್ಷಕ್ಕೆ ನೂರಕ್ಕೆ ಹತ್ತರ ಮೇಲೆ. ಹಾಗಾಗಿ ಇಲ್ಲಿ ಹದಿನೆಂಟು ವರ್ಷ ಕಾಯಿಸುವ ಮಾತೇ ಕಷ್ಟ.) ಕೆಂಟಕಿಯಲ್ಲಿ ಹದಿನೆಂಟು ವರ್ಷ ಮಲಗಿದ ಪೀಪಾಯಿಯನ್ನು ತೆರೆದರೆ ಅರ್ಧ ಉಳಿದಿದ್ದರೆ ಪುಣ್ಯ. ಉಳಿದದ್ದೂ ಚೆನ್ನಾಗಿರಬೇಕೆಂಬ ನಿಯಮವಿಲ್ಲ. ಮರ ಹೆಚ್ಚಾಗಿ ಕುಡಿಯಲಾಗದಷ್ಟು ಒಗರಾಗಿರಬಹುದು. ಅಂದರೆ ಇಲ್ಲಿ ಒಂದು ಕೊರತೆ ನಿಜವಾದದ್ದು. ಕಾಲವನ್ನು ದುಡ್ಡು ಕೊಟ್ಟು ಅವಸರಪಡಿಸಲು ಯಾರಿಗೂ ಆಗಿಲ್ಲ. ಆ ಕೊರತೆಗೆ ಹೆಚ್ಚು ಬೆಲೆ ಕೇಳಿದರೆ ಅದರಲ್ಲಿ ನ್ಯಾಯವಿದೆ.

ಎರಡನೆಯ ಬೆಲೆ ಬೆರೆಸುವವರ ವಿವೇಕದ್ದು. ಫೋರ್ ರೋಸಸ್‌ನಲ್ಲಿ ಎರಡು ಧಾನ್ಯಪಾಕಗಳಿವೆ. ಒಂದರಲ್ಲಿ ಮೆಕ್ಕೆಜೋಳ 75, ರೈ 20, ಮೊಳಕೆ ಬರಿಸಿದ ಬಾರ್ಲಿ 5 ಪಾಲು. ಇನ್ನೊಂದರಲ್ಲಿ ಮೆಕ್ಕೆಜೋಳ 60, ರೈ 35, ಬಾರ್ಲಿ 5. ಹುಳಿ ಬರಿಸಲು ಐದು ಬಗೆಯ ಯೀಸ್ಟ್. ಒಂದು ಹಣ್ಣಿನ ಘಮ ಕೊಟ್ಟರೆ ಒಂದು ಹೂವಿನದು, ಒಂದು ಮಸಾಲೆಯದು. ಹೀಗೆ ಒಂದೇ ಸೂರಿನಡಿ ಹತ್ತು ಬಗೆಯ ಬರ್ಬನ್. ಡಿಸ್ಟಿಲರಿಯ 125ನೇ ವರ್ಷಕ್ಕೆಂದು 2013ರಲ್ಲಿ ಆಗಿನ ಮಾಸ್ಟರ್ ಡಿಸ್ಟಿಲರ್ ಜಿಮ್ ರಟ್ಲೆಜ್ ಹೊರತಂದ ಮಿಶ್ರಣದಲ್ಲಿ ಒಂದು ಬಗೆಯ ಬರ್ಬನ್ 18 ವರ್ಷದ್ದು, ಉಳಿದೆರಡು 13 ವರ್ಷದವು. ಬಾಟಲಿಯ ಮೇಲೆ ವಯಸ್ಸು ಬರೆಯುವುದಾದರೆ ಅತ್ಯಂತ ಎಳೆಯದರ ವಯಸ್ಸನ್ನೇ ಬರೆಯಬೇಕೆಂದು ಕಾನೂನು ಹೇಳುತ್ತದೆ. ಈ ನಿಯಮ ನನಗೆ ಬಹಳ ಮೆಚ್ಚುಗೆಯಾದದ್ದು. ಹಿರಿಯನ ಹೆಸರು ಹೇಳಿಕೊಂಡು ಎಳೆಯದನ್ನು ಮಾರಲು ಅದು ಬಿಡುವುದಿಲ್ಲ. 2015ರಿಂದ ಆ ಹೊಣೆ ಹೊತ್ತ ಬ್ರೆಂಟ್ ಎಲಿಯಟ್ ಅವರ ಕೆಲಸವೂ ಇದೇ: ಪೀಪಾಯಿಗಳಿಂದ ಮಾದರಿ ತೆಗೆಯುವುದು, ಮೂಸುವುದು, ಬೆರೆಸುವುದು, ಬೇಡವಾದದ್ದನ್ನು ಬಿಡುವುದು. ಮಾದರಿಯ ಸಣ್ಣ ಶೀಶೆಗಳ ಮೇಲೆ ಬೆಲೆಯ ಚೀಟಿ ಇರುವುದಿಲ್ಲ. ಬೆಲೆ ಹುಟ್ಟುವ ಮುಂಚೆಯೇ ಅವರ ತೀರ್ಪು ಮುಗಿದಿರುತ್ತದೆ. ಕೊಳ್ಳುವ ನಮಗೆ ಇಲ್ಲದಿರುವ ಭಾಗ್ಯ ಅದು.

ಮಿಶ್ರಣ ಎಂದರೆ ಮೂಗು ಮುರಿಯುವವರು ಇನ್ನೂ ಇದ್ದಾರೆ. ಒಂದೇ ಪೀಪಾಯಿಯದು ಶುದ್ಧ, ಬೆರೆಸಿದ್ದು ಕೀಳು ಎಂಬ ಭಾವ. ನಮ್ಮಲ್ಲಿ ಕಾಫಿಪುಡಿ ಬೀಸಿಸುವವರಿಗೆ ಈ ವಿಷಯ ಬಿಡಿಸಿ ಹೇಳಬೇಕಿಲ್ಲ. ಪೀಬೆರಿಯ ಘಮಕ್ಕೆ ರೋಬಸ್ಟಾದ ಗಟ್ಟಿತನ ಸೇರಿಸುವುದು ರುಚಿ ಬಲ್ಲವರ ಕೆಲಸ. ತೂಕ ತುಂಬಿಸಲೆಂದೇ ಚಿಕೋರಿ ಸುರಿಯುವುದು ಬೇರೆ ಕೆಲಸ. ಎರಡನ್ನೂ ಬೆರೆಸುವುದು ಎಂದೇ ಕರೆಯುತ್ತೇವೆ, ಉದ್ದೇಶ ಮಾತ್ರ ಬೇರೆ. ಫೋರ್ ರೋಸಸ್‌ನ ಚರಿತ್ರೆಯೇ ಇದಕ್ಕೆ ಸಾಕ್ಷಿ. 1943ರಲ್ಲಿ ಅದು ಸೀಗ್ರಾಮ್ ಕಂಪನಿಯ ಕೈಗೆ ಹೋಯಿತು. 1950ರ ದಶಕದ ಕೊನೆಯ ಹೊತ್ತಿಗೆ ಕಂಪನಿ ಒಳ್ಳೆಯ ಬರ್ಬನ್ನನ್ನು ಯುರೋಪ್, ಜಪಾನ್‌ಗಳಿಗೆ ಕಳಿಸಿ, ಅಮೆರಿಕದಲ್ಲಿ ಅದೇ ಹೆಸರಿನ ಕೆಳಗೆ ರುಚಿಯಿಲ್ಲದ ಸಪ್ಪೆ ಸ್ಪಿರಿಟ್ ಬೆರೆಸಿದ ಅಗ್ಗದ ವಿಸ್ಕಿ ಮಾರತೊಡಗಿತು. ತಾನು ಹುಟ್ಟಿದ ರಾಜ್ಯದಲ್ಲೇ ಆ ಹೆಸರಿಗೆ ಮರ್ಯಾದೆ ಹೋಯಿತು. ದಶಕಗಳ ಕಾಲ ಕೆಂಟಕಿಯ ಜನ ತಮ್ಮೂರಿನಲ್ಲೇ ತಯಾರಾಗುತ್ತಿದ್ದ ಬರ್ಬನ್ನಿನ ರುಚಿ ಕಾಣಲಿಲ್ಲ. 1995ರಲ್ಲಿ ಮಾಸ್ಟರ್ ಡಿಸ್ಟಿಲರ್ ಆದ ರಟ್ಲೆಜ್ ಅದನ್ನು ತವರಿಗೆ ಮರಳಿಸಲು ಹಟ ಹಿಡಿದರು. 2002ರಲ್ಲಿ ಜಪಾನಿನ ಕಿರಿನ್ ಸಂಸ್ಥೆ ಕೊಂಡ ಮೇಲೆ ಆ ಸಪ್ಪೆ ವಿಸ್ಕಿ ನಿಂತಿತು, ಬರ್ಬನ್ ಮನೆಗೆ ಬಂತು. ಹೆಸರು ಅದೇ, ಚೀಟಿಯ ಮೇಲಿನ ಗುಲಾಬಿ ಅದೇ. ಒಂದು ಕಾಲದಲ್ಲಿ ಅಗ್ಗವೆಂದು ಕೊಂಡವರು, ಇನ್ನೊಂದು ಕಾಲದಲ್ಲಿ ಸಾಲು ನಿಂತವರು ಇಬ್ಬರೂ ಓದಿದ್ದು ಒಂದೇ ಚೀಟಿಯನ್ನು. ಹೆಸರನ್ನು ನಂಬಿ ರುಚಿಗೆ ಬೆಲೆ ಕಟ್ಟುವವರು ಈ ಕಥೆಯ ಮುಂದೆ ಸ್ವಲ್ಪ ಹೊತ್ತು ಕೂರಬೇಕು.

ಬೆಲೆ ನಾಲಿಗೆಗೆ ಏನು ಮಾಡುತ್ತದೆ ಎಂಬುದನ್ನು ವಿಜ್ಞಾನಿಗಳೂ ನೋಡಿದ್ದಾರೆ. ಕ್ಯಾಲ್‌ಟೆಕ್ ಮತ್ತು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಒಮ್ಮೆ 90 ಡಾಲರಿನದೆಂದೂ ಹೇಳಿ ಕುಡಿಸಿದರು. ದುಬಾರಿ ಎಂದಾಗ ಜನ ಹೆಚ್ಚು ಮೆಚ್ಚಿದರು. ಅಷ್ಟೇ ಆಗಿದ್ದರೆ ಬಾಯಿಮಾತಿನ ಮೆಚ್ಚುಗೆ ಎನ್ನಬಹುದಿತ್ತು. ಸ್ಕ್ಯಾನ್‌ನಲ್ಲಿ ಮೆದುಳಿನ ಸುಖ ಅಳೆಯುವ ಭಾಗವೂ ಹೆಚ್ಚು ಚುರುಕಾಗಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಬೆಲೆ ಅವರಿಗೆ ನಿಜಕ್ಕೂ ರುಚಿಸಿತ್ತು. ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಇದೇ. ಸುಖ ನಿಜವಾದರೆ ತಪ್ಪೇನು ಎಂದು ಯಾರಾದರೂ ಕೇಳಬಹುದು. ತಪ್ಪು ಇದೆ. ಆ ಸುಖ ಗ್ಲಾಸಿನಲ್ಲಿರುವುದರದ್ದಲ್ಲ, ಅಂಕಿಯದ್ದು. ಮುಂದಿನ ವರ್ಷ ಇನ್ನೂ ದೊಡ್ಡ ಅಂಕಿ ಬಂದೊಡನೆ ಈ ವರ್ಷದ ಸುಖ ಸಪ್ಪೆಯಾಗುತ್ತದೆ. ಇನ್ನೂ ದೊಡ್ಡ ಅನ್ಯಾಯ ಇನ್ನೊಂದು ಕಡೆ ನಡೆಯುತ್ತದೆ: ಕಡಿಮೆ ಬೆಲೆಯ ಒಳ್ಳೆಯದು ನಮ್ಮ ಮುಂದೆ ಬಂದಾಗ ನಾವು ಅದಕ್ಕೆ ಕಿವಿಗೊಡುವುದೇ ಇಲ್ಲ. ಮನುಷ್ಯರ ವಿಷಯದಲ್ಲೂ ನಾವು ಹೀಗೇ ನಡೆದುಕೊಳ್ಳುತ್ತೇವೆಂಬುದನ್ನು ಬಲ್ಲವರಿಗೆ ಇದು ಬರೀ ಮದ್ಯದ ಮಾತಾಗಿ ಉಳಿಯುವುದಿಲ್ಲ.

ಹಾಗಾಗಿ ಇಂಥದ್ದರ ರುಚಿ ನೋಡುವುದಾದರೆ ಕಣ್ಣು ಕಟ್ಟಿಕೊಂಡೇ ನೋಡಬೇಕು ಎಂಬುದು ನನ್ನ ಪಟ್ಟು. ಬಾಟಲಿ ಒಳಗಿನ ಕೋಣೆಯಲ್ಲಿರಲಿ. ಬಾಯಿ ಕಿರಿದಾದ ಎರಡು ಗ್ಲಾಸಿಗೆ ಬೇರೆಯವರು ಸುರಿದು ತರಲಿ: ಒಂದರಲ್ಲಿ ಆ ವಿಶೇಷ ಮಿಶ್ರಣ, ಇನ್ನೊಂದರಲ್ಲಿ ಅದೇ ಡಿಸ್ಟಿಲರಿಯ ದಿನಬಳಕೆಯ ಬರ್ಬನ್. ವಿಶೇಷ ಮಿಶ್ರಣಗಳಲ್ಲಿ ಮದ್ಯಸಾರ ನೂರಕ್ಕೆ ಐವತ್ತನ್ನು ದಾಟಿರುತ್ತದೆ, ಮೊದಲ ಉಸಿರಿಗೇ ಘಾಟು ಹೊಡೆಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಕೆಲವು ಹನಿ ನೀರು ಹಾಕಿದರೆ ತೆರೆದುಕೊಳ್ಳುತ್ತದೆ. ಆಗ ಸುಟ್ಟ ಓಕ್ ಕೊಟ್ಟ ಜೋನಿಬೆಲ್ಲದ ಸಿಹಿ, ರೈ ಧಾನ್ಯದ ಲವಂಗದಂಥ ಖಾರ, ಯೀಸ್ಟ್ ಬಿಟ್ಟುಹೋದ ಹಣ್ಣಿನ ಘಮ ಒಂದೊಂದಾಗಿ ಬರುತ್ತವೆ. ಒಳ್ಳೆಯ ಮಿಶ್ರಣದಲ್ಲಿ ಇವು ಒಂದನ್ನೊಂದು ತುಳಿಯುವುದಿಲ್ಲ. ನುಂಗಿದ ಮೇಲೆ ಗಂಟಲಲ್ಲಿ ಉಳಿಯುವುದನ್ನು ಗಮನಿಸಬೇಕು. ಹಳೆಯ ಪೀಪಾಯಿಯ ಒಗರು ಅಲ್ಲಿ ಹಿತವಾಗಿ ನಿಂತಿದ್ದರೆ ಬೆರೆಸಿದವರ ಕೈ ದೊಡ್ಡದು. ಎಳೆಯ ಪೀಪಾಯಿ ಆ ಒಗರಿಗೆ ರಸ ಕೊಟ್ಟಿರುತ್ತದೆ, ಹಿರಿಯದು ಎಳೆಯದಕ್ಕೆ ಆಳ ಕೊಟ್ಟಿರುತ್ತದೆ. ಈ ಹೊಂದಾಣಿಕೆ ಒಂಟಿ ಪೀಪಾಯಿಗೆ ಅಪರೂಪವಾಗಿ ಒಲಿಯುತ್ತದೆ. ಎರಡರಲ್ಲಿ ಯಾವುದು ಇಷ್ಟವಾಯಿತು, ಏಕೆ ಎಂದು ಬರೆದಿಟ್ಟು, ಆಮೇಲೆ ಹೆಸರು ಕೇಳಬೇಕು; ಬೆಲೆಯನ್ನು ಎಲ್ಲಕ್ಕಿಂತ ಕೊನೆಗೆ.

ಹೀಗೆ ರುಚಿ ನೋಡಲು ಎರಡು ಚಮಚದಷ್ಟು ಸಾಕು. ಇದನ್ನು ಒತ್ತಿ ಹೇಳಬೇಕು. ಮದ್ಯ ಎಷ್ಟು ಮನೆಗಳ ಒಲೆ ಆರಿಸಿದೆ ಎಂಬುದನ್ನು ಕಂಡ ನಾಡಿನಿಂದ ಬಂದವನು ನಾನು. ಆರೋಗ್ಯಕ್ಕೆ ಸುರಕ್ಷಿತ ಎನ್ನುವ ಯಾವ ಪ್ರಮಾಣವೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕುಡಿಯದವರು ಕುಡಿಯಬೇಕಾಗಿಲ್ಲ, ಕುಡಿಯುವವರು ಬೆಲೆಯ ಲೆಕ್ಕಕ್ಕೆ ದೇಹದ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು.

ಇನ್ನು ಆ ಎಷ್ಟೋ ಪಟ್ಟಿನ ಬೆಲೆ. 1933ರಲ್ಲಿ ಪಾನನಿರೋಧ ಕೊನೆಗೊಂಡ ಮೇಲೆ ಅಮೆರಿಕದಲ್ಲಿ ತಯಾರಕ, ಸಗಟು ವ್ಯಾಪಾರಿ, ಅಂಗಡಿಯವ ಎಂಬ ಮೂರು ಹಂತಗಳ ಪದ್ಧತಿ ಬಂತು. ಡಿಸ್ಟಿಲರಿ ಸೂಚಿಸುವ ಬೆಲೆ ಬರೀ ಸೂಚನೆ; ಹೆಚ್ಚಿನ ರಾಜ್ಯಗಳಲ್ಲಿ ಅಂಗಡಿಯವನು ಅದರ ಮೇಲೆ ಎಷ್ಟಾದರೂ ಬರೆದುಕೊಳ್ಳಬಹುದು, ಕೊಂಡವನು ಮರೆಯಲ್ಲಿ ಇನ್ನೂ ಹೆಚ್ಚಿಗೆ ಮಾರುತ್ತಾನೆ. ಕೆಲವು ರಾಜ್ಯಗಳಲ್ಲಿ ಸರ್ಕಾರದ ಸಂಸ್ಥೆಯೇ ಮದ್ಯದ ಸಗಟು ವ್ಯಾಪಾರ ಇಟ್ಟುಕೊಂಡು, ಅಪರೂಪದ ಬಾಟಲಿಗಳಿಗೆ ಲಾಟರಿ ಎತ್ತುತ್ತದೆ. ಅಲ್ಲೂ ಆಸೆ ಬಿಡಲಿಲ್ಲ. ಒರೆಗಾನ್ ರಾಜ್ಯದ ಮದ್ಯ ಆಯೋಗದ ಹಿರಿಯ ಅಧಿಕಾರಿಗಳು ಪ್ಯಾಪಿ ವ್ಯಾನ್ ವಿಂಕಲ್‌ನಂಥ ದುರ್ಲಭ ಬರ್ಬನ್‌ಗಳನ್ನು ತಮಗೆಂದು ತೆಗೆದಿರಿಸಿಕೊಳ್ಳುತ್ತಿದ್ದರೆಂಬುದು 2023ರಲ್ಲಿ ಬಯಲಾಯಿತು. ಅವರು ದುಡ್ಡು ಕೊಟ್ಟೇ ಕೊಂಡಿದ್ದರು, ಅಪರಾಧದ ಮೊಕದ್ದಮೆಯೂ ಹೂಡಲಿಲ್ಲ. ಆಯೋಗದ ಮುಖ್ಯಸ್ಥ ಮಾತ್ರ ಹುದ್ದೆ ಬಿಡಬೇಕಾಯಿತು. ಸಾಲಿನಲ್ಲಿ ನಿಂತವನಿಗೆ ಸಿಗಬೇಕಾದದ್ದು ಬಾಗಿಲ ಹಿಂದೆ ಹೋಯಿತಲ್ಲ, ಆ ಅನ್ಯಾಯವನ್ನು ಬಾಟಲಿಯ ಬೆಲೆ ತುಂಬಿಕೊಡಲಾರದು.

ಡಿಸ್ಟಿಲರಿಯ ಬೆಲೆಯ ಮೇಲೆ ಏರಿದ ಒಂದೊಂದು ಡಾಲರೂ ಎಲ್ಲಿಗೆ ಹೋಗುತ್ತದೆ ಎಂದು ಕೇಳಿಕೊಳ್ಳಿ. ಮೆಕ್ಕೆಜೋಳ ಬೆಳೆದ ರೈತನಿಗೆ ಹೋಗುವುದಿಲ್ಲ. ಓಕ್ ಹಲಗೆ ಬಗ್ಗಿಸಿ ಪೀಪಾಯಿ ಕಟ್ಟಿದವನಿಗಿಲ್ಲ, ಹದಿನೆಂಟು ವರ್ಷ ಕಾದವರಿಗಿಲ್ಲ, ಮೂಸಿ ಬೆರೆಸಿದವರಿಗೂ ಇಲ್ಲ. ಮೊದಲು ಕೈಗೆ ಸಿಕ್ಕಿಸಿಕೊಂಡವನಿಗೆ ಪೂರ್ತಿ. ದುಡಿಮೆಗೂ ಕಾಲಕ್ಕೂ ಕೊಡುವ ಬೆಲೆಯನ್ನು ನಾನು ಗೌರವಿಸುತ್ತೇನೆ, ಈ ಬೆಲೆಯನ್ನು ಗೌರವಿಸಲಾರೆ. ಮುಚ್ಚಿಟ್ಟ ಗ್ಲಾಸಿನಲ್ಲೂ ಗೆದ್ದ ಮಿಶ್ರಣಕ್ಕೆ ಡಿಸ್ಟಿಲರಿ ಕೇಳಿದಷ್ಟು ಕೊಡುವುದು ಸರಿ. ಅದರಾಚೆಗೆ ಎರಡು ಪಟ್ಟು ಕೊಡುವಷ್ಟು ರುಚಿ ಯಾವ ಬಾಟಲಿಯಲ್ಲೂ ಇಲ್ಲ, ಇದು ನನ್ನ ತೀರ್ಪು.

ಈ ಮಾತು ನಮ್ಮವರಿಗೂ ಸಲ್ಲುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರು ಊರಿಗೆ ಬರುವಾಗ ಕಸ್ಟಮ್ಸ್ ಬಿಡುವ ಎರಡು ಲೀಟರಿನಲ್ಲಿ ಇಂಥದ್ದೊಂದನ್ನು ಅಣ್ಣನಿಗೋ ಭಾವನಿಗೋ ತರುವುದುಂಟು. 2025ರ ಫೆಬ್ರುವರಿಯಲ್ಲಿ ಬರ್ಬನ್ ಮೇಲಿನ ಆಮದು ಸುಂಕವನ್ನು ಭಾರತ 150ರಿಂದ 100 ಪ್ರತಿಶತಕ್ಕೆ ಇಳಿಸಿದರೂ ಬೆಂಗಳೂರಿನ ಅಂಗಡಿಯಲ್ಲಿ ಅದು ದುಬಾರಿಯೇ. ಅಷ್ಟು ದೂರದಿಂದ ಬಂದ ಬಾಟಲಿ ಷೋಕೇಸಿನ ಗಾಜಿನ ಹಿಂದೆ ವರ್ಷಗಟ್ಟಲೆ ನಿಲ್ಲುತ್ತದೆ. ಬಂದವರಿಗೆಲ್ಲ ಬೆಲೆ ಹೇಳಲಾಗುತ್ತದೆ. ಗಾಜಿನ ಬಾಟಲಿಯಲ್ಲಿ ವಿಸ್ಕಿ ಮಾಗುವುದಿಲ್ಲ. ಪೀಪಾಯಿ ಬಿಟ್ಟ ದಿನ ಅದರ ವಯಸ್ಸು ನಿಂತುಹೋಗಿರುತ್ತದೆ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದರೆ, ಕುಡಿಯುವ ಅಭ್ಯಾಸವಿರುವ ಆಪ್ತರು ಕೂಡಿದ ಸಂಜೆ ದಯವಿಟ್ಟು ಅದನ್ನು ತೆರೆಯಿರಿ, ಸ್ವಲ್ಪವೇ ಸುರಿಯಿರಿ, ರುಚಿ ಹೇಗಿದೆ ಎಂದು ಅವರು ಹೇಳಿ ಮುಗಿಸುವ ತನಕ ಬೆಲೆಯನ್ನು ಬಾಯಿಬಿಡಬೇಡಿ.