ಗ್ರಹಣವೂ ಅರಿವೂ

ಗ್ರಹಣ ಬಂತೆಂದರೆ ನಮ್ಮಲ್ಲಿ ಹಲವರ ಮನೆಗಳಲ್ಲಿ ಇಂದಿಗೂ ಒಲೆ ಆರುತ್ತದೆ. ತುಂಬಿದ ಕೊಡದ ನೀರನ್ನು ಚೆಲ್ಲುತ್ತಾರೆ. ಬಸುರಿ ಹೆಣ್ಣುಮಗಳನ್ನು ಉಪವಾಸ ಕತ್ತಲೆಕೋಣೆಯಲ್ಲಿ ಕೂಡಿಸುತ್ತಾರೆ. ಶಾಲೆಯಲ್ಲಿ ಗ್ರಹಣದ ಚಿತ್ರ ಬರೆದು ವಿವರಿಸುವವರ ಮನೆಯಲ್ಲಿಯೂ ಇದು ನಡೆಯುವುದುಂಟು. ಬಲ್ಲ ಮಾತು ಬಾಳಿಗೆ ಇಳಿಯದಿದ್ದರೆ ಅದನ್ನು ಅರಿವೆನ್ನಬಹುದೇ?

1868ನೆಯ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ಸೀಮೆಯ ಮೇಲೆಯೇ ಹಾದುಹೋಯಿತು. ಜಮಖಂಡಿ, ವಿಜಾಪುರಗಳನ್ನು ದಾಟಿ, ಸುರಪುರ, ಶಹಾಪುರ, ಯಾದಗಿರಿಗಳನ್ನು ಕವಿದು, ಗುಂಟೂರಿನ ಕಡೆಗೆ ಸಾಗಿತು. ರಾಜಾ ವೆಂಕಟಪ್ಪ ನಾಯಕನನ್ನು ಸುರಪುರವು ಕಳೆದುಕೊಂಡು ಆಗ ಹತ್ತು ವರ್ಷ. ಅದೇ ಹಾದಿಯಲ್ಲಿ, ಜಮಖಂಡಿಯಲ್ಲಿ ಹರ್ಷೆಲ್, ಗುಂಟೂರಿನಲ್ಲಿ ಫ್ರಾನ್ಸ್ ದೇಶದ ಜಾನ್ಸೆನ್, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕವನ್ನು ಹೂಡಿ ಕಾದಿದ್ದರು.

ಉಪ್ಪು ಬಿದ್ದರೆ ಒಲೆಯ ಉರಿ ಹಳದಿಯಾಗುವುದನ್ನು ನೀವು ಕಂಡಿರುವಿರಿ. ಅದು ಸೋಡಿಯಂ ಧಾತುವಿನ ಗುರುತು. ಪ್ರತಿ ಧಾತುವಿಗೂ ಹೀಗೆ ತನ್ನವೇ ಆದ ಬಣ್ಣದ ಗೆರೆಗಳುಂಟು. ಅಂದು ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಜಲಜನಕದ ಗೆರೆಗಳು ಕಂಡವು. ಸೋಡಿಯಂನದಕ್ಕೆ ಹತ್ತಿರವಿದ್ದರೂ ಬೇರೆಯಾದ ಒಂದು ಹಳದಿ ಗೆರೆಯೂ ಕಂಡಿತು. ಅದೇ ವರ್ಷ ಇಂಗ್ಲೆಂಡಿನ ಲಾಕಿಯರ್ ಅದನ್ನು ಗುರುತಿಸಿದರು. ಆ ಹೊಸ ಧಾತುವಿಗೆ ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂದಾಯಿತು. 1895ರಲ್ಲಿ ರಾಮ್ಸೆ ಅದನ್ನು ಭೂಮಿಯ ಖನಿಜವೊಂದರಲ್ಲಿಯೇ ಕಂಡರು.

ಗೆರೆಗಳು ಮೂಡುವುದೇಕೆ? 1913ರಲ್ಲಿ ಬೋರ್ ಇದಕ್ಕೆ ಕಾರಣ ಹೇಳಿದರು. ಪರಮಾಣುವಿನೊಳಗಿನ ಎಲೆಕ್ಟ್ರಾನು ಮನಬಂದಲ್ಲಿ ನಿಲ್ಲಲಾರದು. ಅದಕ್ಕೆ ಮೆಟ್ಟಿಲುಗಳಂತೆ ಶಕ್ತಿಯ ನಿಯತ ಹಂತಗಳುಂಟು. ಮೇಲಿನಿಂದ ಕೆಳಗಿಳಿಯುವಾಗ ಆ ಅಂತರಕ್ಕೆ ತಕ್ಕ ಬಣ್ಣದ ಬೆಳಕನ್ನೇ ಅದು ಸೂಸುತ್ತದೆ. ಕ್ವಾಂಟಂ ಸಿದ್ಧಾಂತದ ಈ ನಿಯಮವು ಸೂರ್ಯನಲ್ಲಿಯೂ ನಮ್ಮ ಒಲೆಯಲ್ಲಿಯೂ ಒಂದೇ.

ಗ್ರಹಣದ ಅಂಜಿಕೆಗೆ ಬೇರಾವುದು? ಆಕಾಶದಲ್ಲಿ ನಾವರಿಯದ ಬೇರೊಂದು ಕಟ್ಟಳೆ ನಡೆದಿದೆಯೆಂಬ ಎಣಿಕೆ. ಆ ಎಣಿಕೆ ನಮ್ಮ ನೆಲದ ಮೇಲೆ ಬಿದ್ದ ನೆರಳಿನಲ್ಲಿಯೇ ಕರಗಿತು. ನೆರಳು ಅನ್ನವನ್ನು ಕೆಡಿಸದು, ಗರ್ಭವನ್ನು ಮುಟ್ಟದು. ಸೂರ್ಯನನ್ನು ಬರಿಗಣ್ಣಿನಿಂದ ನೋಡುವುದು ಮಾತ್ರ ನಿಜವಾದ ಅಪಾಯ.

ಹಿರಿಯರ ನಡೆಯನ್ನು ಮುರಿಯುವುದು ಅವಿನಯವಲ್ಲವೇ ಎನ್ನುವಿರಿ. ಹಿರಿಯರು ತಿಳಿಯದೆ ಅಂಜಿದರು, ಅದರಲ್ಲಿ ದೋಷವಿಲ್ಲ. ತಿಳಿದೂ ಅಂಜುವ ನಾವು ಆ ಅಂಜಿಕೆಯ ಹೊರೆಯನ್ನು ಬಸುರಿಯೊಬ್ಬಳ ಹಸಿವಿನ ಮೇಲೆ ಹೊರಿಸುವುದು ದೋಷ. ಮುಂದಿನ ಗ್ರಹಣದಂದು ಆಕೆ ಹಸಿದಾಗ ಬಿಸಿರೊಟ್ಟಿ ಬಡಿಸಿರಿ. ನಿಮ್ಮ ಅರಿವು ಎಷ್ಟೆಂಬುದು ಆಗ ನಿಮಗೇ ತಿಳಿಯುವುದು.