ನೀರು ಬಿಡೋ ಮುಂಚೆ

ಮನೆಗೆ ನುಗ್ಗಿದ ನೀರನ್ನ ಹೊರಗೆ ಹಾಕೋ ಹಕ್ಕು ಎಲ್ಲರಿಗೂ ಇದೆ. ಇದರಲ್ಲಿ ತಕರಾರಿಲ್ಲ. ಆದರೆ ಆ 'ಹೊರಗೆ' ಅನ್ನೋದು ಇನ್ನೊಬ್ಬರ ಅಡುಗೆಮನೆ ಆಗಿದ್ರೆ?

ನಮ್ಮೂರು ಕೊಣನೂರು, ಕಾವೇರಿ ದಂಡೆಯ ಊರು. ಹೊಳೆ ಪಕ್ಕ ಬೆಳೆದವರಿಗೆ ಒಂದು ವಿಷಯ ಯಾರೂ ಹೇಳಿಕೊಡಬೇಕಿಲ್ಲ: ನಮಗಿಂತ ಮೇಲೆ ಯಾರೋ ಇರ್ತಾರೆ, ಕೆಳಗೂ ಯಾರೋ ಇರ್ತಾರೆ. ನಮಗೆ ಮೇಲೆ ಕುಶಾಲನಗರ, ಕೆಳಗೆ ರಾಮನಾಥಪುರ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕುಶಾಲನಗರದ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳ ಮನೆಗಳ ಒಳಗೇ ಹೊಳೆ ನಿಂತಿತ್ತು. ಅದೇ ಪ್ರವಾಹ ನಮ್ಮೂರು ದಾಟಿ ರಾಮನಾಥಪುರದ ನದಿದಂಡೆಯ ಮನೆಗಳಿಗೂ ಹೋಯ್ತು. ಕೂಡಿಗೆಯಲ್ಲಿ ಕಾವೇರಿ ಸೇರೋ ಹಾರಂಗಿಯ ನೀರೂ ಇದೇ ದಾರಿಯಲ್ಲಿ ಬರಬೇಕು. ಹಾರಂಗಿ ಜಲಾಶಯ ತುಂಬಿದ್ರೆ ಬಿಡದೆ ಗತಿಯಿಲ್ಲ. ಅದಕ್ಕೇ 'ಇಷ್ಟು ಕ್ಯೂಸೆಕ್ ಬಿಡ್ತೀವಿ, ನದಿಪಾತ್ರದವರು ಎಚ್ಚರವಾಗಿರಿ' ಅಂತ ಪ್ರಕಟಣೆ ಬರುತ್ತೆ. ಹೇಳದೆ ಬಿಟ್ಟರೆ ನಾವು ಸುಮ್ಮನಿರ್ತೀವಾ?

ಈಗ ನಾನಿರೋ ಬೆಂಗಳೂರಿಗೆ ಬನ್ನಿ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆಯ ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದ ಫೋಟೋಗಳನ್ನ ನೀವೂ ನೋಡಿರ್ತೀರಿ. ಅಂಥದ್ದು ನಮಗೂ ಆಗಬಾರದು ಅಂತ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಮೀಟಿಂಗ್ ನಡೀತು. ಎಷ್ಟು ಎಚ್‌ಪಿ ಪಂಪ್, ಗೇಟಿನ ರ‍್ಯಾಂಪ್ ಎಷ್ಟು ಇಂಚು ಎತ್ತರಿಸಬೇಕು, ಎಲ್ಲ ಚರ್ಚೆಯಾಯ್ತು. ಪಂಪ್ ಮಾಡಿದ ನೀರು ಎಲ್ಲಿಗೆ ಅಂದ್ರೆ, 'ರೋಡಿಗೆ' ಅಂದ್ರು. ಆ ರೋಡು ಇಳಿದು ನಿಲ್ಲೋದು ಹಿಂದಿನ ತಗ್ಗಿನ ಶೀಟ್ ಮನೆಗಳ ಮುಂದೆ.

'ತಗ್ಗಲ್ಲಿ ಮನೆ ಮಾಡಿದ್ದು ಅವರ ತಪ್ಪಲ್ವಾ?' ಅಂತ ಒಬ್ಬ ಗೆಳೆಯ ಕೇಳಿದ. ನಮ್ಮ ಬೇಸ್‌ಮೆಂಟ್ ನೆಲದಿಂದ ಹತ್ತಡಿ ಕೆಳಗಿದೆ ಕಣಯ್ಯ! ತಗ್ಗು ನಮ್ಮದೂ ಇದೆ, ಅವರ ಹತ್ರ ಪಂಪ್ ಇಲ್ಲ ಅಷ್ಟೆ.

ಹೊಲದ ಬದುವಿನ ಜಗಳ ನೋಡಿದವರಿಗೆ ಇದರ ಕಾನೂನೂ ಸ್ವಲ್ಪ ಗೊತ್ತಿರುತ್ತೆ. 1882ರ ಈಸ್‌ಮೆಂಟ್ಸ್ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಮೇಲಿನ ಜಮೀನಿನ ನೀರು ಸಹಜವಾಗಿ ಇಳಿದು ಬಂದ್ರೆ ಕೆಳಗಿನವನು ಬಿಟ್ಟುಕೊಳ್ಳಬೇಕು. 'ಸಹಜವಾಗಿ' ಅನ್ನೋ ಮಾತು ಅಲ್ಲಿದೆ. ಐದು ಎಚ್‌ಪಿ ಮೋಟರ್‌ನಲ್ಲಿ ಸಹಜ ಏನು ಬಂತು?

ಹಾಗಂತ ಪಂಪ್ ಬೇಡ ಅನ್ನೋ ವಾದ ನಂದಲ್ಲ. ಬೇಸ್‌ಮೆಂಟ್‌ನ ಕರೆಂಟ್ ಪ್ಯಾನೆಲ್ ಮುಳುಗಿದ್ರೆ ಲಿಫ್ಟ್ ನಿಲ್ಲುತ್ತೆ, ಐದನೇ ಮಹಡಿಯ ಅಜ್ಜಿಯನ್ನ ಯಾರು ಇಳಿಸೋದು? ಪಕ್ಕದವರು ಹಾಯಾಗಿ ಪಂಪ್ ಮಾಡ್ತಿರುವಾಗ ನಾವೊಬ್ಬರೇ ತ್ಯಾಗ ಮಾಡಿ ಮುಳುಗೋದರಲ್ಲೂ ಅರ್ಥವಿಲ್ಲ. ಆದರೆ ಅಣೆಕಟ್ಟಿನವರಿಂದ ನಮ್ಮೂರು ಬಯಸೋದನ್ನ ಕೆಳಗಿನ ಬೀದಿ ನಮ್ಮಿಂದ ಬಯಸಬಾರದಾ? ಮಳೆನೀರಿನ ಸಂಪನ್ನ ಮಳೆಗೆ ಮುಂಚೆ ಖಾಲಿ ಇಟ್ಟು, ಇಂಗುಗುಂಡಿಯ ಹೂಳು ತೆಗೆಸಿ, ಹಿಡಿಯೋಷ್ಟು ಹಿಡಿಯಬಹುದು. ಮಿಕ್ಕಿದ್ದನ್ನ ನಿಧಾನಕ್ಕೆ ಬಿಡಬಹುದು. ಬಿಡೋ ಮುಂಚೆ ಅವರು ಅಕ್ಕಿ ಮೂಟೆ, ಮಕ್ಕಳ ಪುಸ್ತಕ ಮೇಲೆತ್ತಿಡೋಷ್ಟು ಹೊತ್ತು ಕೊಟ್ಟು ಒಂದು ಫೋನ್ ಮಾಡಬಹುದು.

ಇದನ್ನ ಹೇಳಿದಾಗ ಮೀಟಿಂಗ್‌ನಲ್ಲಿ ಒಬ್ಬರು, 'ಅವರ ನಂಬರ್ ಯಾರ ಹತ್ರ ಇರುತ್ತೆ?' ಅಂದ್ರು. ಎಲ್ಲರ ಹತ್ರಾನೂ ಇದೆ. ಕೆಲಸದ ಅಕ್ಕ ಬರೋದು ಹತ್ತು ನಿಮಿಷ ತಡವಾದ್ರೆ ಬೆಳಿಗ್ಗೆ ಏಳಕ್ಕೇ ಕಾಲ್ ಮಾಡ್ತೀವಲ್ಲ, ಅದೇ ನಂಬರ್.